ಕಾಮಾಸಕ್ತಿ ತಗ್ಗಿಸುವ ಗುಳಿಗೆ ಕೇಳುವ ಮುನ್ನ ಯಾವ ಡಾಕ್ಟರ್, ಯಾವ ಟೆಸ್ಟ್, ಏನು ಅಪಾಯ? ಇಲ್ಲಿದೆ ಮಾಹಿತಿ

ಬಸ್ ಸ್ಟ್ಯಾಂಡ್ ಕಾಂಪೌಂಡು, ಸೇತುವೆ ಕಂಬ, ಸಂತೆ ಮೈದಾನದ ಗೋಡೆ, ಎಲ್ಲಿ ನೋಡಿದರೂ 'ಗುಪ್ತರೋಗಕ್ಕೆ ಸಂಪರ್ಕಿಸಿ' ಎನ್ನುವ ಬರಹ ಇರುತ್ತೆ. ಅವೆಲ್ಲ ಶಕ್ತಿ ಹೆಚ್ಚಿಸುವ ಮಾತು. ಆದರೆ ಇದರ ಉಲ್ಟಾ ಸಮಸ್ಯೆ ಇಟ್ಟುಕೊಂಡು ಒದ್ದಾಡುವವರೂ ಇದ್ದಾರೆ. ಆಸೆ ಹತೋಟಿಗೆ ಬರ್ತಿಲ್ಲ, ಓದೋಕೆ ಆಗ್ತಿಲ್ಲ, ಅಂಗಡಿಯಲ್ಲಿ ಕೂತರೂ ತಲೆ ಅಲ್ಲೇ ಓಡುತ್ತೆ, ಇದರಿಂದಲೇ ಮನೆಯಲ್ಲಿ ಜಗಳ ಎನ್ನುವವರು. ಇವರಲ್ಲಿ ಕೆಲವರು 'ಟೆಸ್ಟೋಸ್ಟಿರಾನ್ ಇಳಿಸಿಬಿಟ್ಟರೆ ಸಾಕು' ಎಂದುಕೊಂಡು ಮೊಬೈಲ್‌ನಲ್ಲಿ ಹುಡುಕಿ, ಒಂದು ಗುಳಿಗೆ ಹೆಸರು ಹಿಡಿದು ಮೆಡಿಕಲ್ ಶಾಪ್ ಕೌಂಟರ್‌ಗೆ ಬರುತ್ತಾರೆ.

ಆ ಗುಳಿಗೆ ಹೃದಯದ ತೊಂದರೆ ಇರುವವರಿಗೆ ಕೊಡುವುದಿರಬಹುದು, ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಕೊಡುವುದಿರಬಹುದು. ಡಾಕ್ಟರ್ ನೋಡದೆ ತಗೊಂಡರೆ ಮೂಳೆ, ಲಿವರ್, ಮಕ್ಕಳಾಗುವ ಶಕ್ತಿ ಯಾವುದಕ್ಕೆ ಬೇಕಾದರೂ ಪೆಟ್ಟು ಬೀಳಬಹುದು. ಹಾಗಂತ ಈ ತೊಂದರೆಗೆ ದಾರಿಯೇ ಇಲ್ಲ ಅಂತಲ್ಲ. ದಾರಿ ಇದೆ, ಆದರೆ ಅದು ಶುರುವಾಗೋದು ಒಪಿಡಿ ಚೀಟಿಯಿಂದ.

ಹೋರಿ, ಎತ್ತು ಮತ್ತು ಹಾರ್ಮೋನ್

ಟೆಸ್ಟೋಸ್ಟಿರಾನ್ ಏನು ಮಾಡುತ್ತೆ ಅಂತ ರೈತರಿಗೆ ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಬೀಜ ಒಡೆಸಿದ ಮೇಲೆ ಹೋರಿಯ ಗುಣವೂ ಬದಲಾಗುತ್ತೆ, ಮೈಕಟ್ಟೂ ಬದಲಾಗುತ್ತೆ. ಮನುಷ್ಯರಲ್ಲೂ ಈ ಹಾರ್ಮೋನ್ ಮುಖ್ಯವಾಗಿ ವೃಷಣದಲ್ಲೇ ತಯಾರಾಗುತ್ತೆ, ಸ್ವಲ್ಪ ಪಾಲು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಬರುತ್ತೆ. ಎಷ್ಟು ತಯಾರಾಗಬೇಕು ಎಂದು ಹುಕುಂ ಕೊಡೋದು ಮೆದುಳು. ಮೆದುಳಿನ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಹೇಳುತ್ತೆ, ಪಿಟ್ಯುಟರಿ ಎಲ್‌ಎಚ್ ಎನ್ನುವ ಹಾರ್ಮೋನ್ ಕಳಿಸುತ್ತೆ, ಆಗ ವೃಷಣ ಕೆಲಸ ಶುರು ಮಾಡುತ್ತೆ. ಔಷಧಿಗಳು ಈ ಸರಪಳಿಯ ಒಂದಲ್ಲ ಒಂದು ಕೊಂಡಿಯನ್ನು ತಡೆಯುತ್ತವೆ.

ಆದರೆ ಈ ಹಾರ್ಮೋನಿನ ಕೆಲಸ ಬರೀ ಕಾಮಾಸಕ್ತಿ ಅಲ್ಲ. ಮೂಳೆ ಗಟ್ಟಿ ಇರೋದು, ಸ್ನಾಯು, ರಕ್ತದ ಪ್ರಮಾಣ, ಮನಸ್ಸಿನ ಉತ್ಸಾಹ ಇವೆಲ್ಲದರಲ್ಲೂ ಅದರ ಪಾಲಿದೆ. ಒಂದನ್ನು ಮಾತ್ರ ಇಳಿಸಿ ಉಳಿದದ್ದನ್ನು ಹಾಗೇ ಬಿಡಿ ಅಂತ ಗುಳಿಗೆಗೆ ಹೇಳೋಕಾಗಲ್ಲ.

ವಯಸ್ಕ ಗಂಡಸರಲ್ಲಿ ಸುಮಾರಾಗಿ ಡೆಸಿಲೀಟರ್ ರಕ್ತಕ್ಕೆ 300ರಿಂದ 1000 ನ್ಯಾನೋಗ್ರಾಂ ಇರುವುದನ್ನು ಸಾಮಾನ್ಯ ಎನ್ನುತ್ತಾರೆ. ಲ್ಯಾಬ್‌ನಿಂದ ಲ್ಯಾಬ್‌ಗೆ ಈ ಅಂಕಿ ಸ್ವಲ್ಪ ಬದಲಾಗುತ್ತೆ. ಇಲ್ಲಿ ಬಹಳ ಜನ ಎಡವೋದು ಒಂದೇ ಕಡೆ: ಆಸೆ ಜಾಸ್ತಿ ಇದೆ ಅಂದರೆ ಹಾರ್ಮೋನ್ ಜಾಸ್ತಿ ಇದೆ ಎಂದುಕೊಳ್ಳುತ್ತಾರೆ. ಹಾಗೇನೂ ಇಲ್ಲ. ಆಸೆ ಹತೋಟಿ ಮೀರಿದೆ ಎನ್ನುವವರ ರಿಪೋರ್ಟ್ ಎಷ್ಟೋ ಸಲ ನಾರ್ಮಲ್ ಇರುತ್ತೆ. 700 ಇದ್ದದ್ದು 450ಕ್ಕೆ ಇಳಿದರೂ ಎಷ್ಟೋ ಗಂಡಸರಿಗೆ ಆಸೆಯಲ್ಲಿ ವ್ಯತ್ಯಾಸವೇ ಗೊತ್ತಾಗಲ್ಲ, ಯಾಕೆಂದರೆ ಒಂದು ಮಟ್ಟಕ್ಕಿಂತ ಮೇಲೆ ಇರುವವರೆಗೂ ದೇಹ ತನ್ನ ಕೆಲಸ ನಡೆಸಿಕೊಂಡು ಹೋಗುತ್ತೆ. ಆಸೆ ನಿಜವಾಗಿ ಕುಸಿಯಬೇಕೆಂದರೆ ಹಾರ್ಮೋನ್ ಬಹಳ ಕೆಳಗೆ ಬರಬೇಕು. ಅಷ್ಟು ಕೆಳಗೆ ಬಂದರೆ ಮೂಳೆ, ರಕ್ತ ಇತ್ಯಾದಿಯೂ ಅದರ ಜೊತೆ ಇಳಿಯುತ್ತೆ.

ಮೊದಲು ಕಾರಣ ಯಾವುದು ಅಂತ ನೋಡಬೇಕು

ಡಾಕ್ಟರ್ ಹತ್ತಿರ ಹೋದ ತಕ್ಷಣ ಹಾರ್ಮೋನ್ ಇಳಿಸುವ ಇಂಜೆಕ್ಷನ್ ಬರೆದುಕೊಡಲ್ಲ. ಮೊದಲು ಕೇಳುವ ಪ್ರಶ್ನೆ, ಇದು ಯಾವಾಗಿಂದ ಶುರುವಾಯ್ತು ಎನ್ನುವುದು. ಇದಕ್ಕೆ ಕೊಡುವ ಉತ್ತರದಲ್ಲೇ ಅರ್ಧ ಕೇಸ್ ಬಗೆಹರಿಯುತ್ತೆ.

ಉದಾಹರಣೆಗೆ ಅರವತ್ತು ದಾಟಿದ ಹಿರಿಯರೊಬ್ಬರು ಇದ್ದಕ್ಕಿದ್ದಂತೆ ಅಸಭ್ಯವಾಗಿ ಮಾತಾಡೋಕೆ, ನಡೆದುಕೊಳ್ಳೋಕೆ ಶುರು ಮಾಡುತ್ತಾರೆ ಅಂದುಕೊಳ್ಳಿ. ಸೊಸೆಯಂದಿರು ಹತ್ತಿರ ಹೋಗೋಕೆ ಹೆದರುತ್ತಾರೆ. ಮಕ್ಕಳು ಮರ್ಯಾದೆಗೆ ಅಂಜಿ ಕೋಣೆಯಲ್ಲಿ ಕೂರಿಸುತ್ತಾರೆ, ಬೈಯುತ್ತಾರೆ. ಅವರು ಪಾರ್ಕಿನ್ಸನ್ ಅಂದರೆ ಕೈ ನಡುಕದ ಕಾಯಿಲೆಗೆ ಪ್ರಾಮಿಪೆಕ್ಸೋಲ್ ಅಥವಾ ರೋಪಿನಿರೋಲ್ ಎಂಬ ಗುಳಿಗೆ ತಗೋತಿದ್ದರೆ, ತೊಂದರೆ ಆ ಗುಳಿಗೆಯದ್ದೇ ಆಗಿರಬಹುದು. ಈ ಜಾತಿಯ ಔಷಧಿಗಳಿಂದ ಕಾಮಾಸಕ್ತಿ, ಜೂಜಿನ ಚಟ, ಸುಮ್ಮಸುಮ್ಮನೆ ಖರ್ಚು ಮಾಡೋದು ಜಾಸ್ತಿಯಾಗುವುದು ಚೆನ್ನಾಗಿ ಗೊತ್ತಿರುವ ಅಡ್ಡಪರಿಣಾಮ. ಡಾಕ್ಟರ್ ಡೋಸ್ ಬದಲಿಸಿದರೆ ಬಹಳಷ್ಟು ಜನರಲ್ಲಿ ಕಡಿಮೆಯಾಗುತ್ತೆ. ಆದರೆ ಮನೆಯವರೇ ಗುಳಿಗೆ ನಿಲ್ಲಿಸುವಂತಿಲ್ಲ, ಏಕಾಏಕಿ ನಿಲ್ಲಿಸಿದರೆ ಬೇರೆ ಅಪಾಯ. ಗುಳಿಗೆಯೇ ಇಲ್ಲದೆ ಇಂಥ ಬದಲಾವಣೆ ಬಂದರೆ ಮರೆವಿನ ಕಾಯಿಲೆಯ ಶುರುವಾತು ಇರಬಹುದು, ಮೆದುಳಿನ ಸ್ಕ್ಯಾನ್ ಬೇಕಾಗಬಹುದು. ಮನೆಯವರು 'ಮುದುಕಗೆ ಬುದ್ಧಿ ಕೆಟ್ಟಿದೆ' ಎಂದು ಸುಮ್ಮನಾದರೆ ಪರೀಕ್ಷೆಗೆ ಇದ್ದ ಸಮಯವೂ ಕೈ ಬಿಡುತ್ತೆ.

ಇನ್ನೊಂದು ಕಾರಣ ಮೇನಿಯಾ. ಆಸೆ ಜಾಸ್ತಿಯಾಗೋದರ ಜೊತೆಗೆ ನಿದ್ದೆ ಎರಡು ಮೂರು ಗಂಟೆ ಸಾಕು ಎನ್ನೋದು, ಮಾತು ನಿಲ್ಲದೇ ಇರೋದು, ದೊಡ್ಡ ದೊಡ್ಡ ಯೋಜನೆ, ಸಾಲ ಮಾಡಿ ಖರ್ಚು, ಇವೆಲ್ಲ ಒಂದೇ ವಾರದಲ್ಲಿ ಬಂದರೆ ಅದು ಬೈಪೋಲಾರ್ ಕಾಯಿಲೆ ಇರಬಹುದು. ಅದಕ್ಕೆ ಮನಸ್ಥಿತಿ ಸಮತೋಲನ ಮಾಡುವ ಔಷಧಿ ಬೇಕು, ಹಾರ್ಮೋನ್ ಔಷಧಿ ಅಲ್ಲ. ಇನ್ನು ಜಿಮ್‌ನಲ್ಲಿ ಮೈ ಬೆಳೆಸೋಕೆ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಚುಚ್ಚಿಸಿಕೊಳ್ಳುವ ಹುಡುಗರು ಇದ್ದಾರೆ. ಹೊರಗಿಂದ ತುಂಬಿಸಿಕೊಳ್ಳುತ್ತಾ ಇಳಿಸುವ ಗುಳಿಗೆ ಕೇಳಿದರೆ ಡಾಕ್ಟರ್ ಏನು ಮಾಡೋಕಾಗುತ್ತೆ? ಇಂಜೆಕ್ಷನ್ ವಿಷಯ ಮುಚ್ಚಿಡಬಾರದು.

ಇದ್ಯಾವುದೂ ಇಲ್ಲ, ಆದರೂ ಆರು ತಿಂಗಳಿಗಿಂತ ಹೆಚ್ಚು ಕಾಲದಿಂದ ಹತೋಟಿ ತಪ್ಪಿದೆ, ಕೆಲಸ, ಆರೋಗ್ಯ, ಸಂಬಂಧ ಎಲ್ಲ ಹಾಳಾಗ್ತಿದೆ, ಬಿಡಬೇಕೆಂದರೂ ಬಿಡೋಕಾಗ್ತಿಲ್ಲ ಅಂದರೆ ಅದಕ್ಕೂ ಹೆಸರಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ಇದನ್ನು ಕಂಪಲ್ಸಿವ್ ಸೆಕ್ಷುಯಲ್ ಬಿಹೇವಿಯರ್ ಡಿಸಾರ್ಡರ್ ಎಂದು ಸೇರಿಸಿದ್ದಾರೆ. ಈ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲೇ ಒಂದು ಮಾತು ಸ್ಪಷ್ಟ ಇದೆ: ಆಸೆ ಬರೋದೇ ಪಾಪ ಎನ್ನುವ ಅಪರಾಧಿ ಭಾವನೆಯಿಂದ ಮಾತ್ರ ಸಂಕಟ ಆಗ್ತಿದ್ದರೆ, ಅಷ್ಟಕ್ಕೇ ಇದನ್ನು ಕಾಯಿಲೆ ಎನ್ನಲು ಬರಲ್ಲ.

ಧಾತು ಹೋಗುತ್ತೆ ಎನ್ನುವ ಭಯ

ನಮ್ಮ ಕಡೆ ಈ ಕೊನೆಯ ಮಾತು ಬಹಳ ಮುಖ್ಯ. ನೂರು ಹನಿ ರಕ್ತ ಸೇರಿ ಒಂದು ಹನಿ ವೀರ್ಯ ಎನ್ನುವ ಮಾತು ಕೇಳಿಕೊಂಡೇ ಹುಡುಗರು ಬೆಳೆಯುತ್ತಾರೆ. ರಾತ್ರಿ ಸ್ಖಲನ ಆದರೆ, ಬೆಳಗ್ಗೆ ಮೂತ್ರ ಬೆಳ್ಳಗೆ ಕಂಡರೆ ಶಕ್ತಿ ಸೋರಿಹೋಯ್ತು ಎಂದು ಕೊರಗುತ್ತಾರೆ. ಸುಸ್ತು, ಬೆನ್ನುನೋವು, ಓದಿದ್ದು ತಲೆಗೆ ಹೋಗಲ್ಲ ಎನ್ನುವುದೆಲ್ಲ ಅದರ ಲೆಕ್ಕಕ್ಕೇ ಬೀಳುತ್ತೆ. ಈ ಸ್ಥಿತಿಗೆ 'ಧಾತ್ ಸಿಂಡ್ರೋಮ್' ಎಂದು 1960ರಲ್ಲಿ ಹೆಸರಿಟ್ಟವರು ಭಾರತದವರೇ ಆದ ಮನೋವೈದ್ಯ ಡಾ. ಎನ್.ಎನ್. ವಿಗ್.

ವಿಷಯ ಇಷ್ಟೇ. ವೀರ್ಯ ರಕ್ತದಿಂದ ಭಟ್ಟಿ ಇಳಿಸಿ ಬರೋದಲ್ಲ. ರಾತ್ರಿ ಸ್ಖಲನ ಹರೆಯದವರಲ್ಲಿ ಸಹಜ. ಮೂತ್ರ ಬೆಳ್ಳಗಾಗೋದು ಹೆಚ್ಚಾಗಿ ಅದರಲ್ಲಿರುವ ಫಾಸ್ಫೇಟ್ ಲವಣದಿಂದ. ಉರಿ, ಜ್ವರ, ಕೀವು ಇದ್ದರೆ ಮಾತ್ರ ಸೋಂಕಿನ ಟೆಸ್ಟ್ ಮಾಡಿಸಬೇಕು. ಇಂಥ ಭಯದಲ್ಲಿರುವ 19 ವರ್ಷದ ಹುಡುಗನಿಗೆ ಬೇಕಾಗಿರೋದು ಸಮಾಧಾನದಿಂದ ಕೂತು ಮಾತಾಡುವ ಡಾಕ್ಟರ್, ಖಿನ್ನತೆ ಇದ್ದರೆ ಅದಕ್ಕೆ ಚಿಕಿತ್ಸೆ. ಹಾರ್ಮೋನ್ ಇಳಿಸುವ ಗುಳಿಗೆ ಕೊಟ್ಟರೆ ಅವನು ಹೆದರಿದ್ದ ಸುಸ್ತು, ನಿಶ್ಶಕ್ತಿ ನಿಜವಾಗಿಯೂ ಬರುತ್ತೆ. ಮಾಲೆ ಹಾಕಿದ ದಿನಗಳಲ್ಲಿ ವ್ರತ ಕೆಡಬಾರದು ಎಂದು ಗುಳಿಗೆ ಹುಡುಕುವುದೂ ಇಷ್ಟೇ ಅಪಾಯದ್ದು. ವ್ರತ 41 ಅಥವಾ 48 ದಿನಕ್ಕೆ ಮುಗಿಯುತ್ತೆ, ಗುಳಿಗೆಯ ಪರಿಣಾಮ ಅಷ್ಟಕ್ಕೇ ಮುಗಿಯಲ್ಲ.

ಚಿಕಿತ್ಸೆ ಮೆಟ್ಟಿಲು ಮೆಟ್ಟಿಲಾಗಿ

ನಿಜವಾಗಿ ಚಿಕಿತ್ಸೆ ಬೇಕಾದವರಿಗೆ ಮೊದಲ ಮೆಟ್ಟಿಲು ಮಾತಿನ ಚಿಕಿತ್ಸೆ. ಯಾವ ಹೊತ್ತಲ್ಲಿ, ಯಾವ ಮನಸ್ಥಿತಿಯಲ್ಲಿ ಹತೋಟಿ ತಪ್ಪುತ್ತೆ ಎಂದು ಬರೆದಿಟ್ಟುಕೊಂಡು, ಆ ಹೊತ್ತನ್ನು ಬೇರೆ ರೀತಿ ಕಳೆಯೋದನ್ನು ಕಲಿಸುತ್ತಾರೆ. ಕುಡಿತ ಇದ್ದರೆ ಅದನ್ನೂ ನೋಡುತ್ತಾರೆ.

ಎರಡನೇ ಮೆಟ್ಟಿಲು ಎಸ್‌ಎಸ್‌ಆರ್‌ಐ ಎನ್ನುವ ಗುಂಪಿನ ಗುಳಿಗೆ. ಸರ್ಟ್ರಲಿನ್, ಫ್ಲೂಯೊಕ್ಸೆಟಿನ್ ಇತ್ಯಾದಿ. ಇವು ಖಿನ್ನತೆ, ಗೀಳು ರೋಗಕ್ಕೆ ಕೊಡುವಂಥವು. ಕಾಮಾಸಕ್ತಿ ಕಡಿಮೆಯಾಗೋದು ಇವುಗಳ ಅಡ್ಡಪರಿಣಾಮ, ಇಲ್ಲಿ ಅದೇ ಉಪಯೋಗಕ್ಕೆ ಬರುತ್ತೆ. ಹಾರ್ಮೋನ್‌ಗೆ ಕೈ ಹಾಕದೇ ಕೆಲಸ ಆಗೋದರಿಂದ ಇವನ್ನು ಮೊದಲು ನೋಡುತ್ತಾರೆ. ಆದರೆ ಬೈಪೋಲಾರ್ ಇರುವವರಿಗೆ ಗೊತ್ತಿಲ್ಲದೆ ಕೊಟ್ಟರೆ ಮೇನಿಯಾ ಕೆರಳಬಹುದು. 25 ವರ್ಷದೊಳಗಿನವರಲ್ಲಿ ಮೊದಲ ಕೆಲವು ವಾರ ಆತ್ಮಹತ್ಯೆ ಯೋಚನೆ ಹೆಚ್ಚಾಗುವ ಸಂಭವ ಇರುವುದರಿಂದ ಗಮನ ಇಡಬೇಕು. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಶಾಕ್ ಹೊಡೆದಂತೆ ಆಗೋದು ಉಂಟು. ಹಂತ ಹಂತವಾಗಿ ಇಳಿಸಿಯೇ ಬಿಡಬೇಕು.

ಹಾರ್ಮೋನ್ ಇಳಿಸುವ ಔಷಧಿ ಬರೋದು ಕೊನೆಯ ಮೆಟ್ಟಿಲಲ್ಲಿ, ಅದೂ ಬೇರೆಯವರಿಗೆ ಅಪಾಯ ಆಗಬಹುದಾದ ಗಂಭೀರ ಲೈಂಗಿಕ ಸಮಸ್ಯೆಗಳಲ್ಲಿ. ಪ್ರಾಸ್ಟೇಟ್ ಕ್ಯಾನ್ಸರ್ ಚಿಕಿತ್ಸೆಯಲ್ಲಿ, ಟ್ರಾನ್ಸ್‌ಜೆಂಡರ್ ಮಹಿಳೆಯರ ಹಾರ್ಮೋನ್ ಚಿಕಿತ್ಸೆಯಲ್ಲಿ ಇದನ್ನು ಬಳಸುವ ಲೆಕ್ಕವೇ ಬೇರೆ, ಅಲ್ಲಿ ತಜ್ಞರ ತಂಡ ಇರುತ್ತೆ.

ಈ ಔಷಧಿಗಳಲ್ಲಿ ಮುಖ್ಯವಾದದ್ದು ಲ್ಯುಪ್ರೊಲೈಡ್, ಟ್ರಿಪ್ಟೊರೆಲಿನ್‌ನಂಥ ಇಂಜೆಕ್ಷನ್. ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಕೊಡುತ್ತಾರೆ, ಬೆಲೆ ಸಾವಿರಗಳ ಲೆಕ್ಕದಲ್ಲಿ. ಇದರಲ್ಲಿ ಗೊತ್ತಿಲ್ಲದವರು ಬೀಳುವ ಒಂದು ಗುಂಡಿ ಇದೆ. ಚುಚ್ಚಿದ ಮೊದಲ ಒಂದೆರಡು ವಾರ ಟೆಸ್ಟೋಸ್ಟಿರಾನ್ ಇಳಿಯಲ್ಲ, ಏರುತ್ತೆ. ಆಮೇಲೆ ಮೂರು ನಾಲ್ಕು ವಾರದ ಹೊತ್ತಿಗೆ ಕುಸಿಯುತ್ತೆ. ಆಸೆ ಇಳಿಯಲಿ ಎಂದು ತಾನೇ ಚುಚ್ಚಿಸಿಕೊಂಡವನಿಗೆ ಆ ಎರಡು ವಾರ ಉಲ್ಟಾ ಹೊಡೆಯುತ್ತೆ. ಡಾಕ್ಟರ್‌ಗಳು ಇದು ಗೊತ್ತಿದ್ದೇ ಆ ಅವಧಿಗೆ ಬೇರೆ ಗುಳಿಗೆ ಜೊತೆಗೆ ಕೊಡುತ್ತಾರೆ.

ಸೈಪ್ರೊಟೆರಾನ್ ಎನ್ನುವ ಗುಳಿಗೆಯಿಂದ ಲಿವರ್‌ಗೆ ಹಾನಿ ಆಗಬಹುದು, ಹೆಚ್ಚು ಡೋಸ್‌ನಲ್ಲಿ ಬಹಳ ಕಾಲ ತಗೊಂಡವರಲ್ಲಿ ಮೆದುಳಿನ ಪೊರೆಯ ಗೆಡ್ಡೆಯ ಅಪಾಯ ಹೆಚ್ಚು ಎಂದು ಯುರೋಪಿನ ಔಷಧ ಸಂಸ್ಥೆ 2020ರಲ್ಲಿ ಎಚ್ಚರಿಕೆ ಕೊಟ್ಟಿದೆ. ಸ್ಪೈರೊನೊಲ್ಯಾಕ್ಟೋನ್ ಮೂಲತಃ ಹೃದಯ, ಲಿವರ್ ತೊಂದರೆಯಲ್ಲಿ ಮೈಯಲ್ಲಿ ತುಂಬಿದ ನೀರು ಇಳಿಸುವ ಗುಳಿಗೆ. ಇದರಿಂದ ಎದೆ ಬೆಳೆಯಬಹುದು, ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು. ಕಿಡ್ನಿ ಸರಿ ಇಲ್ಲದವರು, ರಾಮಿಪ್ರಿಲ್, ಟೆಲ್ಮಿಸಾರ್ಟನ್‌ನಂಥ ಬಿಪಿ ಗುಳಿಗೆ ನುಂಗುವವರು ಇದನ್ನೂ ಸೇರಿಸಿಕೊಂಡು, ಮೇಲೆ ದಿನಾ ಎಳನೀರು ಕುಡಿದರೆ ಹೃದಯದ ಬಡಿತವೇ ತಪ್ಪಬಹುದು. ಪಿಸಿಒಡಿ ಇರುವ ಹೆಣ್ಣುಮಕ್ಕಳಿಗೆ ಮುಖದ ಕೂದಲು ಕಡಿಮೆ ಮಾಡಲು ಇದೇ ಗುಳಿಗೆ ಕೊಡುವುದುಂಟು. ಗರ್ಭಿಣಿಯರಿಗೆ ಇದು ಬೇಡ.

ಫಿನಾಸ್ಟರೈಡ್ ಹೆಸರು ಹಿಡಿದು ಬರುವವರೂ ಇರ್ತಾರೆ. ಇದು ಕೂದಲು ಉದುರುವಿಕೆಗೆ, ಪ್ರಾಸ್ಟೇಟ್ ಊತಕ್ಕೆ ಕೊಡೋದು. ಟೆಸ್ಟೋಸ್ಟಿರಾನ್ ಡಿಎಚ್‌ಟಿ ಎಂಬ ಇನ್ನೊಂದು ಹಾರ್ಮೋನ್ ಆಗೋದನ್ನು ಅದು ತಡೆಯುತ್ತೆ, ಟೆಸ್ಟೋಸ್ಟಿರಾನ್ ಇಳಿಸುವುದಿಲ್ಲ. ಆದರೆ ಕೆಲವರಲ್ಲಿ ನಿಮಿರುವಿಕೆ ತೊಂದರೆ, ಮನಸ್ಸು ಕುಗ್ಗುವಿಕೆ ತರುತ್ತೆ. ಬಯಸಿದ್ದು ಸಿಗದೆ ಬೇಡದ್ದು ಬಂದಂತಾಗುತ್ತೆ.

ಡಾಕ್ಟರ್ ಕೈಯಲ್ಲಿದ್ದರೆ ಏನು ನೋಡುತ್ತಾರೆ?

ಟೆಸ್ಟೋಸ್ಟಿರಾನ್ ಟೆಸ್ಟ್‌ಗೆ ರಕ್ತ ಬೆಳಗ್ಗೆ ಸುಮಾರು 7ರಿಂದ 10ರೊಳಗೆ ಕೊಡಬೇಕು. ಬೆಳಗ್ಗೆ ಹೆಚ್ಚಿದ್ದು ಸಂಜೆಗೆ ಇಳಿಯುತ್ತೆ, ಹಾಗಾಗಿ ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿಕೊಂಡು ಹೋಗಿ ಕೊಟ್ಟ ರಕ್ತದ ರಿಪೋರ್ಟ್ ನಂಬಿಕೊಳ್ಳೋಕಾಗಲ್ಲ. ಒಂದೇ ರಿಪೋರ್ಟ್ ಮೇಲೆ ತೀರ್ಮಾನ ಮಾಡಲ್ಲ, ಬೇರೆ ದಿನ ಇನ್ನೊಮ್ಮೆ ಮಾಡಿಸುತ್ತಾರೆ. ಜೊತೆಗೆ ಎಲ್‌ಎಚ್, ಪ್ರೊಲ್ಯಾಕ್ಟಿನ್, ಥೈರಾಯ್ಡ್, ರಕ್ತಹೀನತೆ, ಶುಗರ್, ಕೊಲೆಸ್ಟರಾಲ್, ಲಿವರ್, ಕಿಡ್ನಿ. ಹಾರ್ಮೋನ್ ಔಷಧಿ ಬಹಳ ಕಾಲ ಬೇಕಾಗುತ್ತೆ ಅಂದರೆ ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್. ಟೆಸ್ಟೋಸ್ಟಿರಾನ್ ಇಲ್ಲದ ಗಂಡಸಿನ ಮೂಳೆ ಮುಟ್ಟು ನಿಂತ ಹೆಂಗಸರ ಮೂಳೆಯಂತೆ ಸವೆಯುತ್ತೆ, ಮೈ ಬಿಸಿಯೇರಿ ಬೆವರೋದೂ ಹಾಗೇ ಬರುತ್ತೆ. ಗದ್ದೆ ಬದುವಿನಲ್ಲಿ ಸ್ವಲ್ಪ ಜಾರಿದರೂ ಸೊಂಟದ ಮೂಳೆ ಮುರಿಯುವ ಸ್ಥಿತಿ ಬರಬಹುದು.

ಮದುವೆ ಆಗದವರು, ಇನ್ನೂ ಮಕ್ಕಳು ಬೇಕೆನ್ನುವವರು ಒಂದು ವಿಷಯ ಮೊದಲೇ ಕೇಳಬೇಕು. ಈ ಔಷಧಿಗಳಿಂದ ವೀರ್ಯಾಣು ಉತ್ಪತ್ತಿ ನಿಲ್ಲಬಹುದು. ಔಷಧಿ ಬಿಟ್ಟ ಮೇಲೆ ಮರಳಲು ತಿಂಗಳುಗಳು ಬೇಕು, ಕೆಲವರಲ್ಲಿ ಪೂರ್ತಿ ಮರಳದೇ ಇರಬಹುದು. ದೊಡ್ಡ ಊರುಗಳ ಫರ್ಟಿಲಿಟಿ ಆಸ್ಪತ್ರೆಗಳಲ್ಲಿ ವೀರ್ಯ ಶೈತ್ಯೀಕರಿಸಿ ಇಡುವ ವ್ಯವಸ್ಥೆ ಇದೆ, ಆದರೆ ಅದು ಚಿಕಿತ್ಸೆ ಶುರುವಾಗುವ ಮುನ್ನವೇ ಆಗಬೇಕು.

ಸೋಡಾ, ಕರ್ಪೂರ, ಭಸ್ಮ

ಹಾಸ್ಟೆಲ್ ಅನ್ನಕ್ಕೆ ಸೋಡಾ ಹಾಕ್ತಾರೆ, ಹುಡುಗರ ಆಸೆ ಇಳಿಯಲಿ ಅಂತ, ಎನ್ನುವ ಗುಸುಗುಸು ಎಲ್ಲ ಹಾಸ್ಟೆಲ್‌ನಲ್ಲೂ ಇದೆ. ಅಡುಗೆ ಸೋಡಾಕ್ಕೂ ಹಾರ್ಮೋನ್‌ಗೂ ಸಂಬಂಧ ಇಲ್ಲ, ಹಾಕಿದ್ದರೂ ಹೊಟ್ಟೆ ಉಬ್ಬರ ಅಷ್ಟೇ. ಸೋಯಾ ತಿಂದರೆ ಇಳಿಯುತ್ತೆ ಎನ್ನುವುದಕ್ಕೂ ಆಧಾರ ಇಲ್ಲ. ಆದರೆ ಕರ್ಪೂರದ ಮಾತು ತಮಾಷೆಯಲ್ಲ. ಕರ್ಪೂರ ನುಂಗಿದರೆ ಫಿಟ್ಸ್ ಬರುತ್ತೆ, ಜೀವಕ್ಕೇ ಅಪಾಯ. ಜೇಷ್ಠಮಧು ಮನೆಮದ್ದೇ ಆದರೂ ದಿನವೂ ಹೆಚ್ಚು ತಿಂದರೆ ಬಿಪಿ ಏರಿ, ಪೊಟ್ಯಾಸಿಯಂ ಇಳಿಯುತ್ತೆ. ಹೆಸರು ಗೊತ್ತಿಲ್ಲದವರು ಪೊಟ್ಟಣ ಕಟ್ಟಿ ಕೊಡುವ ಭಸ್ಮದಲ್ಲಿ ಸೀಸ, ಪಾದರಸ ಇರಬಹುದು. ಲೈಂಗಿಕ ಸಮಸ್ಯೆಗೆ ಔಷಧಿ ಎಂದು ಗೋಡೆ ಬರಹ, ಕರಪತ್ರ ಮಾಡುವುದನ್ನು 1954ರ ಡ್ರಗ್ಸ್ ಆ್ಯಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯೇ ತಡೆಯುತ್ತೆ. ಎಪ್ಪತ್ತು ವರ್ಷ ಆಯ್ತು, ಗೋಡೆಗಳು ಮಾತ್ರ ಖಾಲಿ ಆಗಿಲ್ಲ.

ಗೊತ್ತಿಲ್ಲದಂತೆ ಹಾಕಿ ಕೊಡಬಹುದಾ?

ಗಂಡನ ಕಾಟ ತಡೆಯಲಾರದೆ ಹೆಂಡತಿ, ಮಗನ ನಡತೆಗೆ ಹೆದರಿದ ತಾಯಿ, ಕಾಫಿಯಲ್ಲೋ ಸಾರಿನಲ್ಲೋ ಗುಳಿಗೆ ಪುಡಿ ಮಾಡಿ ಹಾಕಬಹುದಾ ಎಂದು ಯೋಚಿಸುವುದುಂಟು. ಕಷ್ಟ ಅರ್ಥವಾಗುತ್ತೆ, ಆದರೆ ಮಾಡಬಾರದು. ಅವರಿಗೆ ಯಾವ ಕಾಯಿಲೆ ಇದೆ, ಬೇರೆ ಯಾವ ಗುಳಿಗೆ ನಡೀತಿದೆ ಗೊತ್ತಿರಲ್ಲ. ಫಿನಾಸ್ಟರೈಡ್ ಪುಡಿಯನ್ನು ಗರ್ಭಿಣಿ ಮುಟ್ಟಿದರೂ ಹೊಟ್ಟೆಯಲ್ಲಿರುವ ಗಂಡು ಮಗುವಿಗೆ ತೊಂದರೆ ಆಗಬಹುದು. ಮೇಲಾಗಿ ಒಪ್ಪಿಗೆ ಇಲ್ಲದೆ ಔಷಧಿ ಕೊಡೋದು ಕಾನೂನಿಗೂ ವಿರುದ್ಧ. ಅತ್ಯಾಚಾರಿಗಳಿಗೆ ಔಷಧಿಯಿಂದ ಪುರುಷತ್ವ ಕುಗ್ಗಿಸುವ ಶಿಕ್ಷೆ ಬೇಕು ಎಂಬ ಕೂಗು ಎದ್ದಾಗ, 2013ರ ನ್ಯಾ. ಜೆ.ಎಸ್. ವರ್ಮಾ ಸಮಿತಿ ಅದನ್ನೂ ಒಪ್ಪಲಿಲ್ಲ. ಮನೆಯಲ್ಲಿ ಬಲವಂತ, ಹಿಂಸೆ ನಡೀತಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ, ತುರ್ತಿದ್ದರೆ 112ಕ್ಕೆ ಕರೆ ಮಾಡಬೇಕು.

ಮಕ್ಕಳ ಬಗ್ಗೆ ತಪ್ಪು ಆಸೆ ಬರ್ತಿದೆ ಎಂದು ಒಳಗೊಳಗೇ ಹೆದರುವವರು ಯಾವುದೇ ಕೃತ್ಯಕ್ಕೆ ಮುಂಚೆ ಮನೋವೈದ್ಯರ ಹತ್ತಿರ ಹೋಗಲೇಬೇಕು. ಯೋಚನೆ ಬಂದಿದ್ದಕ್ಕೇ ಅಪರಾಧ ಆಗಲ್ಲ. ಆದರೆ ಮಗುವಿನ ಮೇಲೆ ಕೃತ್ಯ ನಡೆದಿದೆ, ಇಲ್ಲವೇ ನಡೆಯುವ ಸಂಭವ ಇದೆ ಎಂದು ಗೊತ್ತಾದರೆ ಪೋಕ್ಸೋ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಡಾಕ್ಟರ್‌ಗೂ ಕಡ್ಡಾಯ.

ಮೆಡಿಕಲ್ ಶಾಪ್‌ನವರಿಗೆ

ಮೇಲೆ ಹೇಳಿದಂಥ ಗುಳಿಗೆಗಳು ಡಾಕ್ಟರ್ ಚೀಟಿ ಮೇಲೆ ಮಾತ್ರ ಕೊಡಬೇಕಾದಂಥವು. ಮೊಬೈಲ್ ಸ್ಕ್ರೀನ್‌ಶಾಟ್ ಚೀಟಿ ಅಲ್ಲ, ಎರಡು ವರ್ಷ ಹಳೆಯ ಚೀಟಿಯೂ ಸಾಲದು. ಕೇಳಲು ಬಂದ ಹುಡುಗನನ್ನು ನಾಲ್ಕು ಜನರ ಮುಂದೆ ನಗೆಪಾಟಲು ಮಾಡಿದರೆ ಅವನು ಮುಂದಿನ ಊರಿನ ಅಂಗಡಿಗೆ ಹೋಗ್ತಾನೆ, ಇಲ್ಲಾ ಆನ್‌ಲೈನ್‌ನಲ್ಲಿ ತರಿಸ್ತಾನೆ. ಪಕ್ಕಕ್ಕೆ ಕರೆದು ಆಸ್ಪತ್ರೆ ದಾರಿ ತೋರಿಸಿದರೆ ಆ ಒಂದು ನಿಮಿಷ ನಷ್ಟ ಅಲ್ಲ.

ಎಲ್ಲಿಗೆ ಹೋಗಬೇಕು?

ಮೊದಲು ಮನೋವೈದ್ಯರು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ನಡೆಯುತ್ತೆ. ತಿಂಗಳಲ್ಲಿ ಯಾವ ಮಂಗಳವಾರ ಬರುತ್ತಾರೆ ಎಂದು ಆಸ್ಪತ್ರೆಗೆ ಮೊದಲೇ ವಿಚಾರಿಸಿಕೊಂಡರೆ ಬಸ್ ಚಾರ್ಜ್ ಉಳಿಯುತ್ತೆ. ಜಿಲ್ಲಾಸ್ಪತ್ರೆಯಲ್ಲಿ, ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗ ಇರುತ್ತೆ. ದೊಡ್ಡ ಮಟ್ಟದಲ್ಲಿ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಹಾರ್ಮೋನ್ ತಜ್ಞರು ಅಂದರೆ ಎಂಡೋಕ್ರಿನಾಲಜಿಸ್ಟ್ ದೊಡ್ಡ ಊರಿನಲ್ಲೇ ಸಿಗೋದು, ಅಗತ್ಯ ಬಿದ್ದರೆ ಮನೋವೈದ್ಯರೇ ಕಳಿಸುತ್ತಾರೆ. ಖಾಸಗಿ ಕ್ಲಿನಿಕ್‌ಗೆ ಹೋದರೆ ಗೋಡೆ ಮೇಲೆ ಕೆಪಿಎಂಇ ನೋಂದಣಿ ಪತ್ರ ಇದೆಯಾ ನೋಡಿ.

ಆಸ್ಪತ್ರೆ ಮೆಟ್ಟಿಲು ಹತ್ತೋಕೇ ಆಗ್ತಿಲ್ಲ ಎನ್ನುವವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಊರಿಗೆಲ್ಲ ಗೊತ್ತಾಗುತ್ತೆ ಎನ್ನುವ ಭಯವೇ ಬಹಳ ಜನರನ್ನು ತಡೆಯೋದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಪ್ರಕಾರ ರೋಗಿಯ ಮಾಹಿತಿ ಗುಟ್ಟಾಗಿಡುವುದು ಆಸ್ಪತ್ರೆಯ ಹೊಣೆ, ಬೇರೆಯವರ ಜೀವಕ್ಕೆ ಅಪಾಯದಂಥ ಕೆಲವು ಸಂದರ್ಭ ಬಿಟ್ಟು. ಚೀಟಿ ಕೌಂಟರ್‌ನಲ್ಲಿ ಕಾಯಿಲೆ ಬಿಡಿಸಿ ಹೇಳುವ ಅಗತ್ಯವಿಲ್ಲ. 'ಮನೋವೈದ್ಯರನ್ನು ನೋಡಬೇಕು' ಅಂದರೆ ಸಾಕು. ಒಳಗೆ ಹೋದ ಮೇಲೆ ಮಾತು ಬರದಿದ್ದರೆ ಎಂದು ಮನೆಯಲ್ಲೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಬಹುದು: ಯಾವಾಗಿಂದ ಶುರು, ದಿನಕ್ಕೆ ಎಷ್ಟು ಹೊತ್ತು ಹಾಳಾಗ್ತಿದೆ, ನಿದ್ದೆ ಹೇಗಿದೆ, ಕುಡಿತ ಇದೆಯಾ, ಸಾಯುವ ಯೋಚನೆ ಬಂದಿದೆಯಾ, ಮುಂದೆ ಮಕ್ಕಳು ಬೇಕಾ. ಈಗ ನುಂಗುತ್ತಿರುವ ಎಲ್ಲ ಗುಳಿಗೆಯ ಖಾಲಿ ಪಟ್ಟಿ, ನಾಟಿ ಔಷಧಿಯ ಪೊಟ್ಟಣ, ಹಳೇ ರಿಪೋರ್ಟ್ ಎಲ್ಲವನ್ನೂ ಅದೇ ಚೀಲದಲ್ಲಿ ಹಾಕಿಕೊಂಡು ಹೋಗಬೇಕು.